ಹೊಸ ಜಾಹೀರಾತು ಜಾಲತಾಣಕ್ಕೆ ಜನರು ಬರುವುದು ಹೇಗೆ?

ಮನೆ ಬಾಡಿಗೆಗೆ ಇದೆ, ಎತ್ತು ಮಾರುವುದಿದೆ, ಕನ್ಯೆಗೆ ವರ ಬೇಕಾಗಿದೆ ಎಂಬ ಸುದ್ದಿಗಳು ಒಂದು ಕಾಲದಲ್ಲಿ ನಮ್ಮ ಮನೆತನಗಳನ್ನು ತಲುಪುತ್ತಿದ್ದುದು ಸಂತೆ, ಜಾತ್ರೆ, ಮಠದ ಅಂಗಳ ಹಾಗೂ ಬೀಗರ ಮನೆಗಳ ಮೂಲಕ. ಮುಂದೆ ಈ ಕಾರ್ಯವನ್ನು ಪತ್ರಿಕೆಗಳ ಕಿರು ಜಾಹೀರಾತುಗಳು ವಹಿಸಿಕೊಂಡವು. ಈಗ ಅದರ ಬಹುಭಾಗ ಅಂತರ್ಜಾಲಕ್ಕೆ ಸಾಗಿದೆ. ನಮ್ಮ ಸಮಾಜದ ಯುವಕರು, ಅದರಲ್ಲಿಯೂ ಮುದ್ರಣಾಲಯ ಮತ್ತು ಡಿ.ಟಿ.ಪಿ. ಕೇಂದ್ರಗಳನ್ನು ನಡೆಸುತ್ತಿರುವವರು, ಸ್ವಂತದ್ದೊಂದು ಜಾಹೀರಾತು ಜಾಲತಾಣವನ್ನು ಆರಂಭಿಸಲು ಉತ್ಸುಕರಾಗಿರುವುದು ಸಂತೋಷದ ಸಂಗತಿ. ಅದೂ ಒಂದು ಕಾಯಕವೇ.

ಆದರೆ ಜಾಲತಾಣವನ್ನು ಕಟ್ಟುವುದು ಬೇರೆ, ಅಲ್ಲಿಗೆ ಜನರನ್ನು ಬರಮಾಡಿಕೊಳ್ಳುವುದು ಬೇರೆ. ಹೆಸರನ್ನು ನೋಂದಾಯಿಸಿ, ಸಿದ್ಧ ಮಾದರಿಯೊಂದನ್ನು ಬಳಸಿ, ಹೆಚ್ಚು ಖರ್ಚಿಲ್ಲದೆ ಕೆಲವೇ ದಿನಗಳಲ್ಲಿ ತಾಣವನ್ನು ಅಣಿಗೊಳಿಸಬಹುದು. ಉದ್ಘಾಟನೆಯಾಗುತ್ತದೆ, ಬಂಧುಬಾಂಧವರು ಒಮ್ಮೆ ತೆರೆದು ನೋಡಿ ಹರಸುತ್ತಾರೆ, ಆ ಬಳಿಕ ಎಲ್ಲವೂ ನಿಶ್ಶಬ್ದ. ಈ ನಿಶ್ಶಬ್ದದ ದಿನಗಳಲ್ಲಿಯೇ ಅಪರಿಚಿತರ ಕರೆಗಳು ಬರತೊಡಗುತ್ತವೆ. "ಸರ್, ಮೂವತ್ತೇ ದಿನದಲ್ಲಿ ನಿಮ್ಮ ಸೈಟನ್ನು ಗೂಗಲ್‌ನಲ್ಲಿ ಒಂದನೇ ನಂಬರಿಗೆ ತರುತ್ತೇವೆ, ದಿನಕ್ಕೆ ಹತ್ತು ಸಾವಿರ ಜನ ಗ್ಯಾರಂಟಿ!" ತಂದೆಯವರ ನಿವೃತ್ತಿಯ ಹಣವೋ, ಮನೆಯಾಕೆ ಚೀಟಿಯಲ್ಲಿ ಕೂಡಿಟ್ಟ ಹಣವೋ ಈ ಮಾತಿಗೆ ಮರುಳಾಗಿ ಕರಗಿಹೋಗಬಾರದು ಎಂಬ ಕಾಳಜಿಯಿಂದ ಈ ವಿಷಯವನ್ನು ತುಸು ವಿಸ್ತಾರವಾಗಿ ವಿಚಾರಿಸಬೇಕೆಂದು ನಮಗೆ ಅನಿಸಿತು.

ಮೊದಲು ತಿಳಿಯಬೇಕಾದುದು, ಸರ್ಚ್ ಇಂಜಿನ್ ಎಂದು ಕರೆಯುವ ಶೋಧಯಂತ್ರದ ಕಾರ್ಯವಿಧಾನ. ಅದರ ತಂತ್ರಾಂಶಗಳು ಒಂದು ಪುಟದಿಂದ ಇನ್ನೊಂದಕ್ಕೆ ಇರುವ ಕೊಂಡಿಗಳನ್ನು ಹಿಡಿದು ಜಗತ್ತಿನ ಜಾಲತಾಣಗಳಲ್ಲಿ ಸಂಚರಿಸುತ್ತವೆ. ಕಂಡುದನ್ನು ಓದಿ, ಗ್ರಂಥದ ಕೊನೆಯ ಪದಸೂಚಿಯಂತೆ ಒಂದು ಬೃಹತ್ ಸೂಚಿಯನ್ನು ಸಿದ್ಧಪಡಿಸುತ್ತವೆ. ಯಾರಾದರೂ ಏನನ್ನಾದರೂ ಹುಡುಕಿದಾಗ ಆ ಸೂಚಿಯಿಂದ ಯೋಗ್ಯವೆನಿಸಿದ ಪುಟಗಳನ್ನು ಆಯ್ದು, ಕ್ರಮವಾಗಿ ಮುಂದಿಡಲಾಗುತ್ತದೆ. ಯಾವುದು ಯೋಗ್ಯ ಎಂಬುದನ್ನು ನಿರ್ಧರಿಸುವ ಒಂದು ಹೊಸ ದಾರಿಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬ ಇಬ್ಬರು ತರುಣರು 1996ರ ಸುಮಾರಿಗೆ ರೂಪಿಸಿದರು. 1998ರ ಸೆಪ್ಟೆಂಬರ್‌ನಲ್ಲಿ ಅದೇ ಗೂಗಲ್ ಸಂಸ್ಥೆಯಾಯಿತು.

ಅವರ ವಿಚಾರ ನಮ್ಮ ಮನೆಯ ಹೆಣ್ಣುಮಕ್ಕಳಿಗೂ ಸುಲಭವಾಗಿ ಅರ್ಥವಾಗುವಂಥದು. ಸಂಬಂಧ ಕೂಡಿಸುವಾಗ ನಾವು ಏನು ಮಾಡುತ್ತೇವೆ? ಆ ಮನೆತನದ ಬಗ್ಗೆ ನಾಲ್ಕು ಜನರನ್ನು ಕೇಳುತ್ತೇವೆ. ಕೇಳಿದವರೆಲ್ಲರ ಮಾತಿಗೂ ಒಂದೇ ತೂಕ ಕೊಡುವುದಿಲ್ಲ. ಊರಿನಲ್ಲಿ ನಾಲ್ವರು ನಂಬುವ ಹಿರಿಯರೊಬ್ಬರು "ಮನೆತನ ಒಳ್ಳೆಯದು" ಎಂದರೆ ಸಾಕು. ದಾರಿಹೋಕರು ಇಪ್ಪತ್ತು ಜನ ಹೊಗಳಿದರೂ ಅದಕ್ಕೆ ಸಮನಾಗದು. ಒಂದು ಜಾಲತಾಣವು ಇನ್ನೊಂದಕ್ಕೆ ಕೊಡುವ ಕೊಂಡಿಯೂ ಹೀಗೆಯೇ ಒಂದು ಶಿಫಾರಸು. ಶಿಫಾರಸು ಮಾಡಿದವರನ್ನು ಎಷ್ಟು ಜನ ಶಿಫಾರಸು ಮಾಡಿದ್ದಾರೆ ಎಂಬುದನ್ನೂ ಎಣಿಸಿ ತೂಕ ಕಟ್ಟುವುದೇ ಆ ತರುಣರ ಲೆಕ್ಕಾಚಾರ. ಇಂದು ಗೂಗಲ್ ಇನ್ನೂ ಅನೇಕ ಅಂಶಗಳನ್ನು ಪರಿಗಣಿಸುತ್ತದೆಯಾದರೂ ಮೂಲದ ಈ ತತ್ತ್ವ ಅಳಿದಿಲ್ಲ.

ಎಲ್ಲಿ ಶಿಫಾರಸಿಗೆ ಬೆಲೆಯುಂಟೋ ಅಲ್ಲಿ ಸುಳ್ಳು ಶಿಫಾರಸಿನ ವ್ಯಾಪಾರವೂ ಹುಟ್ಟುತ್ತದೆ. ಕರೆ ಮಾಡುವ ಆ ಏಜೆಂಟರಲ್ಲಿ ಹಲವರು ಮಾರುವುದು ಇದನ್ನೇ: ಯಾರೂ ಓದದ ನೂರಾರು ತಾಣಗಳಲ್ಲಿ ನಿಮ್ಮ ತಾಣಕ್ಕೆ ಕೊಂಡಿ. ಇದರ ಪರಿಣಾಮವೇನು? ಅಮೆರಿಕದ ಪ್ರಖ್ಯಾತ ಮಳಿಗೆ ಜೆ.ಸಿ. ಪೆನ್ನಿಯ ಪ್ರಕರಣವನ್ನು ನೋಡಿರಿ. ಉಡುಪು, ಹಾಸಿಗೆ ಮುಂತಾದ ಹಲವು ಹುಡುಕಾಟಗಳಲ್ಲಿ ಅದು ಮೊದಲ ಸ್ಥಾನದಲ್ಲಿ ಕಾಣುತ್ತಿತ್ತು. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಅದಕ್ಕೆ ಕೊಂಡಿಗಳಿದ್ದುದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಗೂಗಲ್ ಕ್ರಮ ಕೈಗೊಂಡಿತು. ಮೊದಲ ಸ್ಥಾನದಲ್ಲಿದ್ದ ಪುಟಗಳು ಕೆಲವೇ ಗಂಟೆಗಳಲ್ಲಿ ಎಲ್ಲಿಯೋ ಹಿಂದಕ್ಕೆ ಬಿದ್ದವು. ತಮಗೆ ಇದರ ಅರಿವಿರಲಿಲ್ಲವೆಂದು ಮಳಿಗೆಯವರು ಹೇಳಿ, ಈ ಕೆಲಸ ವಹಿಸಿಕೊಂಡಿದ್ದ ಸಲಹಾ ಸಂಸ್ಥೆಯನ್ನು ಕೈಬಿಟ್ಟರು. ಅದಕ್ಕೂ ಮುನ್ನ 2006ರಲ್ಲಿ, ಶೋಧಯಂತ್ರಕ್ಕೊಂದು ಪುಟ, ಜನರಿಗೆ ಇನ್ನೊಂದು ಪುಟ ತೋರಿಸಿದ ಕಾರಣಕ್ಕೆ ಬಿ.ಎಂ.ಡಬ್ಲ್ಯು. ಕಾರು ಕಂಪನಿಯ ಜರ್ಮನ್ ತಾಣವನ್ನೇ ಗೂಗಲ್ ಕೆಲಕಾಲ ತನ್ನ ಸೂಚಿಯಿಂದ ಹೊರಗಿಟ್ಟಿತ್ತು. ಅಂಥ ದೊಡ್ಡವರು ತಪ್ಪಿಸಿಕೊಳ್ಳದಿರುವಾಗ ನಮ್ಮ ಹುಡುಗರ ಪಾಡೇನು?

ಕೊಂಡ ಜನದಟ್ಟಣೆಯಂತೂ ಇನ್ನೂ ನಿಷ್ಫಲ. ದಿನಕ್ಕೆ ಹತ್ತು ಸಾವಿರ ಎಂದು ತೋರಿಸುವ ಎಣಿಕೆಯಲ್ಲಿ ಹೆಚ್ಚಿನವು ಮನುಷ್ಯರಲ್ಲ, ಯಂತ್ರಗಳು. ಜಾಹೀರಾತು ಕೊಟ್ಟವರಿಗೆ ಒಂದು ಕರೆಯೂ ಬರುವುದಿಲ್ಲ. ಗೂಗಲ್‌ನ ಜಾಹೀರಾತುಗಳನ್ನು ತಾಣದಲ್ಲಿ ಹಾಕಿಕೊಂಡು ಆದಾಯ ಪಡೆಯುವವರು ಇಂತಹ ಕೃತಕ ಭೇಟಿಗಳನ್ನು ತರಿಸಿದರೆ ಆ ಖಾತೆಯನ್ನೇ ರದ್ದುಮಾಡುವ ನಿಯಮವಿದೆ. ಗೂಗಲ್‌ಗೆ ನೇರವಾಗಿ ಹಣ ಕೊಟ್ಟು ಜಾಹೀರಾತು ಹಾಕಿಸುವುದು ನ್ಯಾಯವಾದ ಮಾರ್ಗವೇ. ಆದರೆ ಅದು ಜಾಹೀರಾತೆಂಬ ಗುರುತಿನೊಡನೆ ಪ್ರತ್ಯೇಕವಾಗಿ ಕಾಣುತ್ತದೆ, ಸಹಜ ಫಲಿತಾಂಶದ ಶ್ರೇಣಿಯನ್ನು ಏರಿಸುವುದಿಲ್ಲ. ಹಣ ನಿಂತ ದಿನ ಜನವೂ ನಿಲ್ಲುತ್ತದೆ.

ಹಾಗಾದರೆ ಮಾಡಬೇಕಾದುದೇನು? ಜಾಹೀರಾತು ತಾಣದ ನಿಜವಾದ ಕಷ್ಟ ಬೇರೊಂದಿದೆ. ಜಾಹೀರಾತುಗಳಿಲ್ಲದೆ ಓದುಗರು ಬರುವುದಿಲ್ಲ. ಓದುಗರಿಲ್ಲದೆ ಜಾಹೀರಾತುಗಳು ಬರುವುದಿಲ್ಲ. ಈ ಗಂಟನ್ನು ಬಿಡಿಸಿಕೊಂಡವರಲ್ಲಿ ಅಗ್ರಗಣ್ಯವಾದುದು ಕ್ರೇಗ್ಸ್‌ಲಿಸ್ಟ್. ಕ್ರೇಗ್ ನ್ಯೂಮಾರ್ಕ್ ಎಂಬವರು 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಾರ್ಯಕ್ರಮಗಳ ಮಾಹಿತಿಯನ್ನು ತಮ್ಮ ಗೆಳೆಯರಿಗೆ ಇ-ಮೇಲ್ ಮೂಲಕ ಕಳಿಸತೊಡಗಿದರು. ಗೆಳೆಯರು ಇತರರಿಗೆ ಹೇಳಿದರು. ಕೆಲಸ, ಮನೆಗಳ ಪ್ರಕಟಣೆಗಳು ಸೇರಿದವು. 1996ರಲ್ಲಿ ಅದು ಜಾಲತಾಣವಾಯಿತು. ಎರಡನೆಯ ನಗರವಾದ ಬಾಸ್ಟನ್‌ಗೆ ಅವರು ಕಾಲಿಟ್ಟುದು 2000ದಲ್ಲಿ. ಐದು ವರ್ಷ ಒಂದೇ ಊರು! ನಮ್ಮವರು ಮೊದಲ ದಿನವೇ "ಅಖಿಲ ಕರ್ನಾಟಕ" ಎಂದು ಫಲಕ ಹಾಕಿ, ಮೂವತ್ತೊಂದು ಜಿಲ್ಲೆಗಳಿಗೂ ನಲವತ್ತು ವಿಭಾಗಗಳಿಗೂ ಪುಟ ತೆರೆದು, ಒಂದೊಂದರಲ್ಲಿಯೂ "ಯಾವುದೇ ಜಾಹೀರಾತು ಇಲ್ಲ" ಎಂದು ಬರೆದಿಡುತ್ತಾರೆ. ಬರಿಯ ಕಪಾಟುಗಳ ಅಂಗಡಿಗೆ ಗಿರಾಕಿ ಎರಡನೆಯ ಸಲ ಬರುವುದಿಲ್ಲ. ಶೋಧಯಂತ್ರಕ್ಕೂ ಇಂಥ ಪುಟಗಳು ಒಗ್ಗವು. ಸತ್ತ್ವವಿಲ್ಲದ ಪುಟಗಳ ತಾಣಗಳನ್ನು ಕೆಳಗಿಳಿಸಲು ಗೂಗಲ್ 2011ರಲ್ಲಿ ತಂದ ಬದಲಾವಣೆಯು ಅಮೆರಿಕದ ಹುಡುಕಾಟಗಳಲ್ಲಿ ಶೇಕಡಾ 11.8ರಷ್ಟರ ಮೇಲೆ ಪರಿಣಾಮ ಬೀರಿತೆಂದು ಆ ಸಂಸ್ಥೆಯೇ ಹೇಳಿತ್ತು. ಊರಿನ ಹೆಸರನ್ನಷ್ಟೇ ಬದಲಿಸಿ ಅದದೇ ಪುಟವನ್ನು ನೂರು ಸಲ ಅಚ್ಚು ಹಾಕುವುದೂ ನಿಷಿದ್ಧ. ಖಾಲಿ ವಿಭಾಗಗಳಿದ್ದರೆ, ಅವು ತುಂಬುವವರೆಗೆ ಸೂಚಿಗೆ ಸೇರಿಸಬಾರದೆಂಬ ಗುರುತನ್ನು ಪುಟದಲ್ಲಿ ಇಡಲು ಅವಕಾಶವಿದೆ.

ಒಂದು ಊರು, ಒಂದು ವಿಭಾಗ, ನೂರು ನಿಜವಾದ ಜಾಹೀರಾತು: ಆರಂಭಕ್ಕೆ ಇಷ್ಟು ಸಾಕು. ಉದಾಹರಣೆಗೆ ಹುಬ್ಬಳ್ಳಿಯ ವಿದ್ಯಾನಗರವನ್ನೇ ತೆಗೆದುಕೊಳ್ಳೋಣ. ಕಾಲೇಜುಗಳು ತೆರೆಯುವ ಕಾಲಕ್ಕೆ ಗದಗ, ಹಾವೇರಿ, ಬಾಗಲಕೋಟೆ ಕಡೆಯ ತಂದೆತಾಯಿಗಳು ಮಗನಿಗೋ ಮಗಳಿಗೋ ಕೋಣೆ ಹುಡುಕುತ್ತಿರುತ್ತಾರೆ. ಆ ಬಡಾವಣೆಯ ಬೀದಿ ಬೀದಿ ತಿರುಗಿ, ಮನೆಯೊಡೆಯರನ್ನು ಕಂಡು, ಬಾಡಿಗೆ ಎಷ್ಟು, ಮುಂಗಡ ಎಷ್ಟು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಊಟದ ಖಾನಾವಳಿ ಎಷ್ಟು ದೂರ ಎಂಬುದನ್ನೆಲ್ಲ ಬರೆದುಕೊಂಡು ಹಾಕಿದ ಪುಟದ ಮುಂದೆ "ಮನೆ ಬಾಡಿಗೆಗೆ ಇದೆ, ಸಂಪರ್ಕಿಸಿ" ಎಂಬ ಒಂದು ಸಾಲಿನ ಪುಟ ನಿಲ್ಲಲಾರದು. ತಲೆಬರಹವೂ ಹುಡುಕುವವರ ಬಾಯಲ್ಲಿ ಬರುವ ಮಾತಿನಂತೆಯೇ ಇರಬೇಕು. 2014ರ ನವೆಂಬರ್ 1ರಿಂದ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ವಿಜಯಪುರ ಎಂಬ ಹೆಸರುಗಳು ಅಧಿಕೃತವಾದವು. ಆದರೂ ಹುಬ್ಲಿ, ಬೆಳಗಾಂ, ಗುಲ್ಬರ್ಗಾ, ಬಿಜಾಪುರ ಎಂದೇ ಹುಡುಕುವವರು ಇಂದಿಗೂ ಇದ್ದಾರೆ. ವಿವರಣೆಯಲ್ಲಿ ಎರಡು ಹೆಸರುಗಳೂ ಒಮ್ಮೊಮ್ಮೆ ಬಂದರೆ ಒಳ್ಳೆಯದು.

ಇಲ್ಲಿ ನಮ್ಮ ಡಿ.ಟಿ.ಪಿ. ಕೇಂದ್ರದವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಪುಟ ವಿನ್ಯಾಸಕ್ಕೆ ನಾವು ರೂಢಿಯಾಗಿ ಬಳಸುತ್ತ ಬಂದ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಶೈಲಿಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕದ ಒಳಗೆ ಇಂಗ್ಲಿಷ್ ಅಕ್ಷರ ಚಿಹ್ನೆಗಳಾಗಿಯೇ ಉಳಿದಿರುತ್ತವೆ. ಅಂಥ ಬರಹವನ್ನು ಹಾಗೆಯೇ ಜಾಲತಾಣಕ್ಕೆ ಹಾಕಿದರೆ ಶೋಧಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ಅಕ್ಷರರಾಶಿ. ಕನ್ನಡಕ್ಕೆ ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಬರಹ, ನುಡಿ ತಂತ್ರಾಂಶಗಳ ಮುಂದಿನ ಆವೃತ್ತಿಗಳಲ್ಲಿಯೂ ಯುನಿಕೋಡ್ ಬರವಣಿಗೆಯ ಸೌಲಭ್ಯ ಬಂದಿದೆ. ಅದರಲ್ಲಿಯೇ ಬೆರಳಚ್ಚು ಮಾಡಬೇಕು. ಇನ್ನು ಕೆಲವರು ಕರಪತ್ರವನ್ನು ಸುಂದರವಾದ ಚಿತ್ರವನ್ನಾಗಿ ಮಾಡಿ ಏರಿಸುತ್ತಾರೆ. ಚಿತ್ರದೊಳಗಿನ ಅಕ್ಷರಗಳನ್ನು ಯಂತ್ರ ಓದೀತೆಂದು ನಂಬಿ ಕೂರಲಾಗದು. ಅದೇ ವಿಷಯವನ್ನು ಕೆಳಗೆ ಅಕ್ಷರಗಳಲ್ಲಿಯೂ ಬರೆಯಬೇಕು. ಜನರು ಹುಡುಕುವುದು ಕನ್ನಡದಲ್ಲಿ ಮಾತ್ರವಲ್ಲ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಬರೆದೂ ಹುಡುಕುತ್ತಾರೆ, ಬಾಯಲ್ಲಿ ಹೇಳಿಯೂ ಹುಡುಕುತ್ತಾರೆ. ಶುದ್ಧ ಕನ್ನಡದ ಅಭಿಮಾನಿಗಳಾದ ನಮಗೆ ಇದು ರುಚಿಸದಿರಬಹುದು, ಆದರೂ ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಡುವುದು ಅನುಕೂಲ.

ತಾಂತ್ರಿಕ ವಿಚಾರಗಳು ಉಳಿದವು ಸ್ವಲ್ಪವೇ. ತಾಣದ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ಗೂಗಲ್‌ನ ಸರ್ಚ್ ಕನ್ಸೋಲ್‌ಗೆ ಸಲ್ಲಿಸಬೇಕು. ಈ ಸೇವೆ ಉಚಿತ, ಯಾವ ಪುಟ ಸೂಚಿಗೆ ಸೇರಿದೆ, ಜನ ಯಾವ ಪದದಿಂದ ಬಂದರು ಎಂಬುದನ್ನೂ ಅದು ತೋರಿಸುತ್ತದೆ. ಪುಟಗಳು ಮೊಬೈಲ್‌ನಲ್ಲಿ ಬೇಗ ತೆರೆಯಬೇಕು, ಏಕೆಂದರೆ ಈಗ ಶೋಧಯಂತ್ರವೂ ಮೊಬೈಲ್ ರೂಪವನ್ನೇ ಓದುತ್ತದೆ. ಪುಟದ ಮರೆಯಲ್ಲಿ ನೂರಾರು ಪದಗಳನ್ನು ತುಂಬುವುದರಿಂದ ಲಾಭವಿಲ್ಲ. ಆ ಪದಪಟ್ಟಿಯನ್ನು ಶ್ರೇಣಿಗೆ ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಸ್ಪಷ್ಟಪಡಿಸಿದೆ. ಬಾಡಿಗೆಗೆ ಹೋದ ಮನೆಯ ಜಾಹೀರಾತನ್ನು ಆ ದಿನವೇ ತೆಗೆಯಬೇಕು. ಹತ್ತು ಕರೆ ಮಾಡಿ ಹತ್ತು ಸಲ "ಹೋಗಿದೆರೀ" ಎಂದು ಕೇಳಿಸಿಕೊಂಡವರು ಆ ತಾಣದ ಹೆಸರನ್ನೇ ಮರೆಯುತ್ತಾರೆ.

ಶಿಫಾರಸಿನ ಕೊಂಡಿಗಳನ್ನು ಕೊಳ್ಳಬಾರದೆಂದ ಮೇಲೆ ಗಳಿಸುವುದು ಎಲ್ಲಿಂದ? ನಮ್ಮ ಸಮಾಜಕ್ಕೆ ಇದರಲ್ಲಿ ಕೊರತೆಯಿಲ್ಲ. ಮಠಗಳ ವಿದ್ಯಾಸಂಸ್ಥೆಗಳು, ಉಚಿತ ಪ್ರಸಾದ ನಿಲಯಗಳು, ಸಹಕಾರಿ ಬ್ಯಾಂಕುಗಳು, ಸಮಾಜದ ಸಂಘಗಳು ಊರೂರಿಗೂ ಇವೆ. ಅನೇಕವುಗಳಿಗೆ ತಮ್ಮದೇ ಜಾಲತಾಣಗಳಿವೆ. ಪ್ರಸಾದ ನಿಲಯಗಳ ಪ್ರವೇಶದ ಕೊನೆಯ ದಿನಾಂಕ, ಬೇಕಾದ ದಾಖಲೆಗಳು, ವಿದ್ಯಾರ್ಥಿವೇತನದ ಪ್ರಕಟಣೆಗಳು ಇವನ್ನೆಲ್ಲ ಶುಲ್ಕವಿಲ್ಲದೆ ಒಂದೆಡೆ ಸರಿಯಾಗಿ ಪ್ರಕಟಿಸುತ್ತ ಬಂದರೆ, ಆ ಸಂಸ್ಥೆಗಳು ತಾವಾಗಿಯೇ ಆ ಪುಟವನ್ನು ತೋರಿಸುವ ಸಂಭವವಿದೆ. ಇದನ್ನು ದಾಸೋಹವೆಂದರೂ ಸರಿ, ವ್ಯವಹಾರ ಜಾಣ್ಮೆಯೆಂದರೂ ಸರಿ. ತಾಣದವರು ಹಣ ಪಡೆದು ಇತರರಿಗೆ ಕೊಂಡಿ ಕೊಡುವಾಗಲಾದರೋ ಅದು ಪ್ರಾಯೋಜಿತವೆಂಬ ಗುರುತನ್ನು ಅದರಲ್ಲಿ ಸೇರಿಸುವುದು ಅಗತ್ಯ. ಗೂಗಲ್ ಇದಕ್ಕೆಂದೇ 2019ರಲ್ಲಿ ಪ್ರತ್ಯೇಕ ಸಂಕೇತವನ್ನು ಜಾರಿಗೆ ತಂದಿದೆ.

ಇಷ್ಟೆಲ್ಲ ಮಾಡಿದರೂ ಫಲ ನಾಳೆಯೇ ಸಿಗದು. ಸುಧಾರಣೆಗಳ ಪ್ರಯೋಜನ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂದು ಗೂಗಲ್‌ನವರೇ 2017ರಲ್ಲಿ ತಿಳಿಸಿದ್ದಾರೆ. ಆ ಒಂದು ವರ್ಷ ಮನೆಯ ಖರ್ಚು ಬೇರೆ ಆದಾಯದಿಂದ ಸಾಗಬೇಕು. ಮುದ್ರಣಾಲಯವನ್ನು ಮುಚ್ಚಿ ಜಾಲತಾಣಕ್ಕೆ ಧುಮುಕುವುದು ಸಲ್ಲದು. ಅಲ್ಲಿಯವರೆಗೆ ಜನರನ್ನು ತರುವುದು ವಾಟ್ಸಾಪ್ ಬಳಗಗಳು, ಅಂಗಡಿ ಮುಂಗಟ್ಟಿನಲ್ಲಿ ಅಂಟಿಸಿದ ಕ್ಯೂಆರ್ ಚೀಟಿ ಮತ್ತು ಬಾಯಿಮಾತು.

ಕೊನೆಯದಾಗಿ ವಧು-ವರರ ಜಾಹೀರಾತು. ಹೊಸ ತಾಣದವರಿಗೆ ಅತಿ ಶೀಘ್ರವಾಗಿ ಜನರನ್ನು ತರುವ ವಿಭಾಗ ಇದೇ. ಆದುದರಿಂದಲೇ ಇಲ್ಲಿ ಪ್ರಲೋಭನೆಯೂ ಹೆಚ್ಚು. ಮಾಸಪತ್ರಿಕೆಗಳಲ್ಲಿ, ವಧು-ವರರ ಸಮಾವೇಶದ ಪುಸ್ತಿಕೆಗಳಲ್ಲಿ ಅಚ್ಚಾದ ವಿವರಗಳನ್ನು ಕೇಳದೆ ಎತ್ತಿ, ಹುಡುಗಿಯ ಭಾವಚಿತ್ರ, ತಂದೆಯ ದೂರವಾಣಿ ಸಂಖ್ಯೆ ಸಹಿತ ಪುಟ ತುಂಬಿಸುವುದು ಸುಲಭ. ಪುಸ್ತಿಕೆ ಐನೂರು ಮನೆಗಳಲ್ಲಿ ಉಳಿಯುತ್ತದೆ. ಜಾಲದ ಪುಟವನ್ನು ಲೋಕದ ಯಾರಾದರೂ ತೆರೆಯಬಹುದು, ಹೆಸರು ಹಿಡಿದು ಹುಡುಕಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸಮ್ಮತಿಗೆ ಪ್ರಾಧಾನ್ಯ ನೀಡಿದೆ. ಕಾನೂನಿಲ್ಲದಿದ್ದರೂ ಕೇಳಿಯೇ ಹಾಕಬೇಕಾದುದು ಮರ್ಯಾದೆ. ಹುಡುಗಿಯ ಒಪ್ಪಿಗೆಯನ್ನೂ ಕೇಳಬೇಕು, ತಂದೆಯದಷ್ಟೇ ಸಾಲದು. ಭಾವಚಿತ್ರ ಮತ್ತು ಸಂಖ್ಯೆಗಳನ್ನು ನೋಂದಾಯಿಸಿದ ಕುಟುಂಬಗಳಿಗಷ್ಟೇ ಕಾಣುವಂತೆ ಒಳಗಿಟ್ಟು, ಊರು, ವಿದ್ಯೆ, ವಯಸ್ಸುಗಳನ್ನು ಮಾತ್ರ ಹೊರಪುಟದಲ್ಲಿ ಇಟ್ಟರೂ ಶೋಧಯಂತ್ರಕ್ಕೆ ಸಾಕಾಗುತ್ತದೆ. ನಿಶ್ಚಿತಾರ್ಥವಾದ ಸುದ್ದಿ ಬಂದೊಡನೆ ಪುಟವನ್ನು ಅಳಿಸಿ, ಸರ್ಚ್ ಕನ್ಸೋಲ್‌ನ ತೆಗೆದುಹಾಕುವ ಸೌಲಭ್ಯದ ಮೂಲಕ ಗೂಗಲ್‌ಗೂ ತಿಳಿಸಬೇಕು. ಆ ಸೌಲಭ್ಯದಿಂದ ಪುಟ ಮರೆಯಾಗುವುದು ಸುಮಾರು ಆರು ತಿಂಗಳು ಮಾತ್ರ; ಮೂಲ ಪುಟವನ್ನು ತಾಣದಿಂದಲೇ ಅಳಿಸದಿದ್ದರೆ ಅದು ಮತ್ತೆ ಕಾಣಿಸಿಕೊಳ್ಳುತ್ತದೆ, ಮದುವೆಯಾಗಿ ಸಂಸಾರ ಹೂಡಿದವಳ ಮನೆಗೆ ಸಂಬಂಧ ಕೇಳುವ ಕರೆಗಳು ಬರುತ್ತಲೇ ಇರುತ್ತವೆ.