ಗದ್ದಿಗೆಯಿಂದ ನಾಲ್ಕುನಾಡು ಅರಮನೆಯವರೆಗೆ: ಕೊಡಗಿನಲ್ಲಿ ಒಂದು ಹಗಲು

ಕೊಡಗಿಗೆ ಪ್ರವಾಸ ಹೊರಡುವವರ ಪಟ್ಟಿಯಲ್ಲಿ ರಾಜಾಸೀಟು, ಅಬ್ಬಿ ಜಲಪಾತ, ತಲಕಾವೇರಿ ಇವು ಮೂರು ತಪ್ಪದೆ ಇರುತ್ತವೆ. ಇವು ನೋಡತಕ್ಕವುಗಳೇ, ಸಂದೇಹವಿಲ್ಲ. ಆದರೆ ಸುಮಾರು 1600ರಿಂದ 1834ರವರೆಗೆ ಈ ಬೆಟ್ಟದ ನಾಡನ್ನು ಆಳಿದ ಹಾಲೇರಿ ಅರಸರ ಚರಿತ್ರೆ ಅರ್ಥವಾಗಬೇಕಾದರೆ ಅವಸರವನ್ನು ಬದಿಗಿಟ್ಟು, ಒಂದು ಹಗಲನ್ನು ಮಡಿಕೇರಿಗೂ ಕಕ್ಕಬ್ಬೆಯ ಕಡೆಯ ಹಳ್ಳಿಗಾಡಿಗೂ ಮೀಸಲಿಡುವುದು ಮೇಲು.

ಬೆಳಗಿನ ಮಂಜು ಕರಗುವ ಮುನ್ನವೇ ಗದ್ದಿಗೆಗೆ ಹೋಗುವುದು ಲೇಸು. ಮಡಿಕೇರಿ ಪಟ್ಟಣದ ಅಂಚಿನ ದಿಣ್ಣೆಯ ಮೇಲಿರುವ ಈ ಸಮಾಧಿಗಳನ್ನು ದೂರದಿಂದ ಕಂಡವರು ಮುಸಲ್ಮಾನ ಅರಸರ ಗೋರಿಗಳೆಂದು ಭಾವಿಸುವುದುಂಟು. ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರುಗಳು. ಹಾಗೆ ಭಾವಿಸಿದರೆ ಆಶ್ಚರ್ಯವಿಲ್ಲ. ಹತ್ತಿರ ಹೋದಾಗ ಮೂಲೆಗಳಲ್ಲಿ ಕುಳಿತ ನಂದಿಗಳು ಕಾಣಿಸಿ ಸಂಶಯ ಪರಿಹಾರವಾಗುತ್ತದೆ. ಹಾಲೇರಿ ಅರಸರು ವೀರಶೈವರು. ವೀರಶೈವರಲ್ಲಿ ದೇಹವನ್ನು ದಹಿಸುವ ಪದ್ಧತಿಯಿಲ್ಲ; ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಕುಳಿತ ಭಂಗಿಯಲ್ಲಿ ಭೂಮಿಗೆ ಒಪ್ಪಿಸುತ್ತಾರೆ. ಆ ಸ್ಥಾನವೇ ಗದ್ದಿಗೆ. ಆಚಾರ ತಮ್ಮದು, ಕಟ್ಟಡದ ರೂಪ ಕಾಲದ್ದು. ಇವೆರಡನ್ನೂ ಒಂದುಗೂಡಿಸುವುದರಲ್ಲಿ ಆ ಅರಸರಿಗೆ ಯಾವ ವಿರೋಧವೂ ಕಂಡಿರಲಿಲ್ಲ.

ನಡುವಿನ ಗದ್ದಿಗೆ ದೊಡ್ಡವೀರರಾಜೇಂದ್ರನದು ಮತ್ತು ಅವನ ರಾಣಿ ಮಹಾದೇವಮ್ಮಾಜಿಯದು. ಪಕ್ಕದ್ದು ಲಿಂಗರಾಜೇಂದ್ರನದು, ಅದನ್ನು 1820ರಲ್ಲಿ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದನು. ಇನ್ನೊಂದು ರಾಜಗುರು ರುದ್ರಪ್ಪನವರದು. ತಂದೆಗೆ ಗುಮ್ಮಟವೆತ್ತಿಸಿದ ಆ ಮಗನಿಗೆ ಮಾತ್ರ ಈ ದಿಣ್ಣೆಯಲ್ಲಿ ಎಡೆಯಾಗಲಿಲ್ಲ. 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಗೆ ಕಳುಹಿಸಲ್ಪಟ್ಟ ಅವನು, 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋಗಿ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಓದಿ ಬಂದವರು ಇಲ್ಲಿ ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಲ್ಲುತ್ತಾರೆ.

ಲಿಂಗರಾಜೇಂದ್ರನು 1820ರಲ್ಲಿ ಪೂರೈಸಿದ ಓಂಕಾರೇಶ್ವರ ದೇವಾಲಯದಲ್ಲಿಯೂ ಇದೇ ಗುಮ್ಮಟ, ಇದೇ ನಂದಿಗಳು. ಕಿಟಕಿಯ ಲೋಹದ ಸರಳುಗಳಲ್ಲಿರುವ ‘ಲಿಂ’ ಎಂಬ ಅಕ್ಷರವನ್ನು ಮಕ್ಕಳಿಗೆ ಹುಡುಕಲು ಹೇಳಬೇಕು. ಅರಸನ ಹೆಸರಿನ ಮೊದಲಕ್ಷರವದು. ಕೋಟೆಯೊಳಗಿನ ಅರಮನೆಯಲ್ಲಿ ಬಹುಕಾಲ ಸರಕಾರಿ ಕಚೇರಿಗಳಿದ್ದವು. ಅಲ್ಲಿನ ಗಾರೆಯ ಆನೆಗಳೆರಡನ್ನೂ, ಹಳೆಯ ಇಗರ್ಜಿಯ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯವನ್ನೂ ಒಂದು ಗಂಟೆಯಲ್ಲಿ ನೋಡಿ ಮುಗಿಸಬಹುದು.

ಮಧ್ಯಾಹ್ನದ ಹಾದಿ ಮೂರ್ನಾಡು, ನಾಪೋಕ್ಲುಗಳ ಮೂಲಕ ಕಕ್ಕಬ್ಬೆಗೆ, ಸುಮಾರು 40 ಕಿಲೋಮೀಟರು. ದಾರಿಯೇ ಒಂದು ಪಾಠ. ಇಳಿಜಾರುಗಳಲ್ಲಿ ಮರದ ನೆರಳಿನ ಕಾಫಿ, ಮರಗಳಿಗೆ ಹಬ್ಬಿದ ಕರಿಮೆಣಸು. ತಗ್ಗಿನಲ್ಲಿ, ಬೆಟ್ಟದ ನೀರು ತಾನಾಗಿಯೇ ಹರಿದು ಬಂದು ನಿಲ್ಲುವಲ್ಲಿ ಭತ್ತದ ಗದ್ದೆ. ಗದ್ದೆಯನ್ನು ನೋಡುವಂತೆ ಎತ್ತರದಲ್ಲಿ ಕೊಡವ ಒಕ್ಕಗಳ ಐನ್‌ಮನೆ. ಅಲ್ಲಲ್ಲಿ ಕೊಡಲಿ ಮುಟ್ಟದ ದೇವರಕಾಡು. ಭತ್ತದ ಕೃಷಿಯಿಂದ ಗಿಟ್ಟದೆ ಪಾಳುಬಿಟ್ಟ ಗದ್ದೆಗಳೂ ಈಗ ಕಾಣುತ್ತವೆ. ಗದ್ದೆ ಪಾಳುಬಿದ್ದರೆ ಹೋಗುವುದು ಬೆಳೆಯೊಂದೇ ಅಲ್ಲ. ಮಳೆನೀರು ಬದುಗಳ ನಡುವೆ ನಿಂತು ಇಂಗುವ ಏರ್ಪಾಡೂ ಹೋಗುತ್ತದೆ. ಕಕ್ಕಬ್ಬೆಯ ಬಳಿ ಪಾಡಿ ಇಗ್ಗುತಪ್ಪನ ಸನ್ನಿಧಿಯಿದೆ. ಹೊಸ ಭತ್ತದ ಹಬ್ಬವಾದ ಪುತ್ತರಿಯ ಮುಹೂರ್ತ ನಿಶ್ಚಯವಾಗುವುದು ಇಲ್ಲಿಯೇ.

ಅಲ್ಲಿಂದ ಮುಂದೆ, ಕೊಡಗಿನ ಅತ್ಯುನ್ನತ ಶಿಖರವಾದ 1748 ಮೀಟರು ಎತ್ತರದ ತಡಿಯಂಡಮೋಳಿನ ಬುಡದಲ್ಲಿ ನಾಲ್ಕುನಾಡು ಅರಮನೆಯಿದೆ. ಅರಮನೆಯೆಂದೊಡನೆ ಮೈಸೂರನ್ನು ನೆನೆದು ಬಂದವರಿಗೆ ನಿರಾಶೆಯಾದೀತು. ಹೆಂಚಿನ ಮಾಡಿನ, ಕೆತ್ತನೆಯ ಮರಗೆಲಸದ, ಎರಡಂತಸ್ತಿನ ದೊಡ್ಡ ಮನೆಯಿದು; ಒಳಗೆ ಬೆಳಕು ಕಡಿಮೆ. ಅದಕ್ಕೆ ಕಾರಣವುಂಟು. ದೊಡ್ಡವೀರರಾಜೇಂದ್ರನು ಟಿಪ್ಪುವಿನ ಸೆರೆಯಲ್ಲಿದ್ದು, 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದವನು. 1792ರಲ್ಲಿ ಅರಮನೆ ಕಟ್ಟಲು ತೊಡಗಿದಾಗ ಬಯಲಿನ ವೈಭವಕ್ಕಿಂತ ಕಾಡಿನ ಮರೆಯೇ ಅವನಿಗೆ ಹಿತವಾಗಿ ತೋರಿರಬೇಕು. ಹೊರಗಿನವರಿಗೆ ದಾರಿ ತಿಳಿಯದಂತಹ ಜಾಗವಿದು. ಮುಂದೆ 1834ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೈನ್ಯ ಮಡಿಕೇರಿಯನ್ನು ಹೊಕ್ಕಾಗ ಚಿಕ್ಕವೀರರಾಜೇಂದ್ರ ಆಶ್ರಯಿಸಿದ್ದೂ ಈ ಮನೆಯನ್ನೇ. ಆದರೆ ಆ ಹೊತ್ತಿಗೆ ಕಾಡಿನ ಮರೆಯಿಂದ ಪ್ರಯೋಜನವಾಗಲಿಲ್ಲ. ಕೊನೆಯ ಅರಸ ಶರಣಾಗಲು ಇಲ್ಲಿಂದಲೇ ಹೊರಟನು.

ಚಾವಣಿಯ ವರ್ಣಚಿತ್ರಗಳು ಮಾಸಿವೆ. ಅಂಗಳದಲ್ಲಿ ಲಗ್ನಮಂಟಪವಿದೆ. ಮಕ್ಕಳನ್ನು ಕರೆತರುವ ಉಪಾಧ್ಯಾಯರು ಮೊದಲು ಅವರ ಕೈಯಲ್ಲಿನ ಮೊಳೆ, ಸೀಮೆಸುಣ್ಣಗಳನ್ನು ತೆಗೆದಿರಿಸಿಕೊಳ್ಳುವುದು ಒಳಿತು. ಮರದ ಕಂಬದ ಮೇಲೆ ಗೀಚಿದ ಹೆಸರನ್ನು ಯಾವ ಇಲಾಖೆಯೂ ಅಳಿಸಿಕೊಡಲಾರದು.

ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಪ್ರವಾಸವನ್ನು ಯೋಚಿಸತಕ್ಕದ್ದಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಊರುಗಳೇ ಮಣ್ಣುಪಾಲಾದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜರಿಯಿತು. ಪುತ್ತರಿ ಕಳೆದ ಮೇಲೆ ಹೊರಡಬೇಕು. ಫೆಬ್ರವರಿ, ಮಾರ್ಚಿಯ ಹೂಮಳೆ ಬಿದ್ದು ಒಂದು ವಾರವಾದ ಮೇಲೆ ಹೋದವರಿಗಂತೂ ದಾರಿಯುದ್ದಕ್ಕೂ ಕಾಫಿ ಹೂವಿನ ಬಿಳುಪು, ಮಲ್ಲಿಗೆಯನ್ನು ಹೋಲುವ ಪರಿಮಳ. ಆ ಹೂವು ಉಳಿಯುವುದು ನಾಲ್ಕೈದು ದಿನ ಮಾತ್ರ.