ಓಡಿಹೋದ ವಾಹನ, ಉಳಿದ ಹಕ್ಕು

ದಾರಿಹೋಕನಾದ ಬಡವನಿಗೆ ಮೋಟಾರು ಬಡಿದು ಚಾಲಕನು ನಿಲ್ಲದೆ ಪರಾರಿಯಾದರೆ, ಯಾರ ಮೇಲೆ ದೂರಿಡುವುದೆಂದು ಮನೆಯವರು ಕೈಚೆಲ್ಲಿ ಕುಳಿತುಬಿಡುವರು. ಅಪರಾಧಿಯು ಸಿಕ್ಕದಿದ್ದರೆ ಪರಿಹಾರವೂ ಇಲ್ಲವೆಂಬುದು ಜನರ ಭಾವನೆ. ಇದು ಸರಿಯಲ್ಲ.

1988ರ ಮೋಟಾರು ವಾಹನ ಕಾಯಿದೆಯ 161ನೆಯ ಕಲಮು ಇಂಥವರಿಗಾಗಿಯೇ ಇರುವುದು. 2022ರ ಏಪ್ರಿಲ್ 1ರಿಂದ ಮರಣಕ್ಕೆ 25 ಸಾವಿರದ ಬದಲು 2 ಲಕ್ಷ ರೂಪಾಯಿಯೂ, ತೀವ್ರ ಗಾಯಕ್ಕೆ 12,500ರ ಬದಲು 50 ಸಾವಿರವೂ ಸಲ್ಲತಕ್ಕುದು. ಇದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಲ್ಲ. ಅಪಘಾತವು ನಡೆದ ಸ್ಥಳದ ತಹಶೀಲ್ದಾರರಿಗಾಗಲಿ ಉಪವಿಭಾಗಾಧಿಕಾರಿಗಳಿಗಾಗಲಿ ಅರ್ಜಿ ಸಲ್ಲಿಸಬೇಕು.

ಅಪರಾಧಿಯನ್ನು ಹಿಡಿದು ಶಿಕ್ಷೆಗೆ ಗುರಿಮಾಡುವುದಕ್ಕೆ ವರ್ಷಗಳು ಹಿಡಿದಾವು. ದುಡಿಯುವವನನ್ನು ಕಳೆದುಕೊಂಡ ಮನೆಯ ಒಲೆಯು ಅಷ್ಟು ದಿನ ಕಾಯಲಾರದು. ಆದರೂ ಅರ್ಜಿದಾರರು ಅತಿ ವಿರಳ. ಇದನ್ನು ಗಮನಿಸಿಯೇ ಸರ್ವೋಚ್ಚ ನ್ಯಾಯಾಲಯವು 2024ರ ಜನವರಿಯಲ್ಲಿ, ವಾಹನದ ವಿವರವು ಒಂದು ತಿಂಗಳೊಳಗೆ ದೊರೆಯದಿದ್ದರೆ ಪೊಲೀಸರೇ ಈ ಹಕ್ಕನ್ನು ನೊಂದವರಿಗೆ ಬರಹದ ಮೂಲಕ ತಿಳಿಸಬೇಕೆಂದು ಆಜ್ಞಾಪಿಸಿತು.

ಠಾಣೆಯ ಅಧಿಕಾರಿಗಳು ಈ ಆಜ್ಞೆಯನ್ನು ಕಡತದಲ್ಲಿ ಮಲಗಿಸಬಾರದೆಂದು ನಾವು ಒತ್ತಿ ಹೇಳುತ್ತೇವೆ. ಓದುಬರಹ ಬಲ್ಲ ನಮ್ಮ ವಾಚಕರೂ ನೊಂದ ನೆರೆಯವರಿಗೆ ಒಂದು ಅರ್ಜಿಯನ್ನು ಬರೆದುಕೊಟ್ಟರೆ, ಅದಕ್ಕಿಂತ ದೊಡ್ಡ ಉಪಕಾರವಿಲ್ಲ.