ಸುರುಳಿಯಾಕಾರದ ಚಿತ್ರಶಾಲೆ

ಗೋಡೆಯಿರುವುದು ಚಿತ್ರಕ್ಕಾಗಿಯೊ, ಚಿತ್ರವಿರುವುದು ಗೋಡೆಗಾಗಿಯೊ? ಮನೆಯಲ್ಲಿ ಪಟವನ್ನು ತೂಗಹಾಕುವವರಿಗೆ ಈ ಸಂದೇಹವು ಹುಟ್ಟುವುದೇ ಇಲ್ಲ. ಗೋಡೆಯು ನೆಟ್ಟಗಿರುತ್ತದೆ, ನೆಲವು ಸಮವಾಗಿರುತ್ತದೆ, ಮೊಳೆ ಹೊಡೆದರಾಯಿತು. ಆದರೆ ಗೋಡೆಯೂ ನೆಟ್ಟಗಿಲ್ಲದ, ನೆಲವೂ ಸಮವಾಗಿಲ್ಲದ ಚಿತ್ರಶಾಲೆಯೊಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿದೆ. ಗುಗನ್‌ಹೈಮ್ ಮ್ಯೂಸಿಯಂ ಎಂದು ಅದರ ಹೆಸರು.

ಗಣಿಗಳಿಂದ ಐಶ್ವರ್ಯವನ್ನು ಪಡೆದ ಮನೆತನದ ಸಾಲೊಮನ್ ಗುಗನ್‌ಹೈಮರು ಆಧುನಿಕ ಚಿತ್ರಗಳನ್ನು ಸಂಗ್ರಹಿಸಿದ್ದರು. ಅವುಗಳಿಗೆ ತಕ್ಕ ಮಂದಿರವನ್ನು ರಚಿಸಿಕೊಡಬೇಕೆಂದು 1943ರಲ್ಲಿ ಅವರ ಸಲಹೆಗಾರ್ತಿಯಾದ ಕಲಾವಿದೆ ಹಿಲ್ಲಾ ರಿಬೇ ಅವರು ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟರಿಗೆ ಪತ್ರ ಬರೆದರು. ಕಾರ್ಯವು ಕೈಗೂಡಲು 16 ವರ್ಷಗಳು ಹಿಡಿದವು. 1949ರಲ್ಲಿ ಗುಗನ್‌ಹೈಮರು ತೀರಿಕೊಂಡರು. 1959ರ ಏಪ್ರಿಲಿನಲ್ಲಿ ರೈಟರೂ ಕಾಲವಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಗಿಲು ತೆರೆದ ದಿನವನ್ನು ಇಬ್ಬರೂ ಕಾಣಲಿಲ್ಲ.

ಸಾಮಾನ್ಯ ಚಿತ್ರಶಾಲೆಗಳಲ್ಲಿ ಕೋಣೆಯಿಂದ ಕೋಣೆಗೆ ಸುತ್ತಿ ನಾವು ದಣಿಯುತ್ತೇವೆ. ಇಲ್ಲಿಯಾದರೋ ಶಂಖದ ಒಳಸುತ್ತಿನಂತೆ ಕಾಂಕ್ರೀಟಿನ ಒಂದೇ ಇಳಿಜಾರು ದಾರಿಯು ಸುತ್ತಿಕೊಂಡು ಮೇಲಕ್ಕೇರಿದೆ. ಅದರ ಉದ್ದ ಸುಮಾರು ಕಾಲು ಮೈಲಿ. ಪ್ರೇಕ್ಷಕರು ಲಿಫ್ಟಿನಲ್ಲಿ ತುದಿಗೇರಿ, ಚಿತ್ರಗಳನ್ನು ನೋಡುತ್ತ ಮೆಲ್ಲಗೆ ಇಳಿದುಬರಬೇಕೆಂಬುದು ರೈಟರ ಎಣಿಕೆ. ನಡುವೆ ತೆರವಾದ ಅಂಗಳ. ನೆತ್ತಿಯ ಮೇಲೆ ಬೆಳಕನ್ನು ಸುರಿಸುವ ಗಾಜಿನ ಗುಮ್ಮಟ.

ಆದರೆ ಇಳಿಜಾರಿನಲ್ಲಿ ಚಿತ್ರವು ಓರೆಯಾಗಿ ಕಾಣದೆ? ಬಾಗಿದ ಗೋಡೆಗೆ ಚಪ್ಪಟೆಯಾದ ಚಿತ್ರವು ಒಗ್ಗುವುದೆಂತು? 1956ರಲ್ಲಿ 21 ಮಂದಿ ಕಲಾವಿದರು ಪತ್ರಕ್ಕೆ ಸಹಿಹಾಕಿ ಪ್ರತಿಭಟಿಸಿದರು. ಗೋಡೆಯು ಹೊರಕ್ಕೆ ವಾಲಿರುವುದರಿಂದ ಚಿತ್ರವು, ಬರೆಯುವಾಗ ಹಲಗೆಯ ಮೇಲೆ ಒರಗಿದ್ದಂತೆಯೇ ಇರುವುದೆಂಬುದು ರೈಟರ ಸಮಾಧಾನ. ಅಂದಿನ ನಿರ್ದೇಶಕರಾದ ಜೇಮ್ಸ್ ಜಾನ್ಸನ್ ಸ್ವೀನಿಯವರು ಅದನ್ನೊಪ್ಪದೆ, ಗೋಡೆಯಿಂದ ಲೋಹದ ಕಂಬಿಗಳನ್ನು ಚಾಚಿಸಿ ಚಿತ್ರಗಳನ್ನು ಅವುಗಳ ತುದಿಯಲ್ಲಿ ನಿಲ್ಲಿಸಿದರು. 1992ರಲ್ಲಿ ಪಕ್ಕದಲ್ಲಿಯೇ ನೆಟ್ಟನೆಯ ಗೋಡೆಗಳುಳ್ಳ ಹತ್ತು ಅಂತಸ್ತಿನ ಕಟ್ಟಡವೂ ಎದ್ದಿತು. ಕಲಾವಿದರ ದೂರಿನಲ್ಲಿ ಹುರುಳಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇಷ್ಟಾದರೂ ಸುರುಳಿಯು ಸೋಲಲಿಲ್ಲ. 2019ರಲ್ಲಿ ಯುನೆಸ್ಕೋ ಸಂಸ್ಥೆಯು ರೈಟರ ಇತರ ಏಳು ಕೃತಿಗಳೊಡನೆ ಇದನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮಗೆ ತೋರುವ ಕಾರಣವಿದು: ಹತ್ತಿರದಿಂದ ನೋಡಿ ಮುಂದೆ ಸಾಗಿದ ಚಿತ್ರವೇ ಇಲ್ಲಿ ಅಂಗಳದಾಚೆಯಿಂದ ಮತ್ತೊಮ್ಮೆ, ಬೇರೊಂದು ರೂಪದಲ್ಲಿ ಕಣ್ಣಿಗೆ ಬೀಳುತ್ತದೆ. ಚಿತ್ರಕ್ಕೆ ತುಸು ತೊಡಕನ್ನು ಕೊಟ್ಟ ಕಟ್ಟಡವು ನೋಡುವ ಕಣ್ಣಿಗೆ ಹೊಸ ಅನುಕೂಲವನ್ನೂ ಕಲ್ಪಿಸಿತು. ಮನೆಯನ್ನು ಕಟ್ಟಿಸುವಾಗ ನಾವೂ ಈ ಎರಡನ್ನು ತೂಗಿನೋಡುವುದು ಲೇಸು: ಅಂದವು ನೋಡುವವರಿಗೆಷ್ಟು, ಅನುಕೂಲವು ಒಳಗಿರುವವರಿಗೆಷ್ಟು?